ಸ್ಟೆಡಿಕ್ಯಾಮ್ ಫ್ರೇಮ್ ವಾಲುತ್ತಿದೆಯಾ? ದೋಷ ರಿಗ್‌ನಲ್ಲೋ ಮೈಯಲ್ಲೋ ಮೊದಲು ನೋಡಿ

ಶಾಟ್ ಮುಗಿಯುತ್ತದೆ, ಪ್ಲೇಬ್ಯಾಕ್ ನೋಡುತ್ತೀರಿ. ಪಾತ್ರಧಾರಿ ಬಾಗಿಲು ದಾಟುವಾಗ ಫ್ರೇಮ್ ಎಡಕ್ಕೆ ವಾಲಿದೆ. ಜಾಸ್ತಿ ಏನಲ್ಲ, ಒಂದೆರಡು ಡಿಗ್ರಿ. ಆದರೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದೊಂದೇ ಕಾಣುತ್ತದೆ. ಕೈ ತಾನಾಗಿ ಕ್ಯಾಮೆರಾ ಕೆಳಗಿನ ಸ್ಕ್ರೂ ಕಡೆ ಹೋಗುತ್ತದೆ. ದಯವಿಟ್ಟು ಅಲ್ಲೇ ನಿಲ್ಲಿ. ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ನೀವು ಮುಟ್ಟದೆ ಇದ್ದಾಗಲೂ ಈ ದೋಷ ಇದೆಯಾ?

ಸ್ಟೆಡಿಕ್ಯಾಮ್ ಅಂದರೆ ನಡೆಯುವಾಗಲೂ ಕ್ಯಾಮೆರಾ ಕುಲುಕದ ಹಾಗೆ ಮೈಗೆ ಕಟ್ಟುವ ಸ್ಟೆಬಿಲೈಸರ್; ಆ ಇಡೀ ಸಾಧನವೇ ರಿಗ್. ಅದರಲ್ಲಿ ಆಪರೇಟರ್ ಕೂಡ ಒಂದು ಭಾಗ. ನಡಿಗೆ, ಬೆನ್ನು, ಬೆರಳು ಎಲ್ಲವೂ ಶಾಟ್‌ನಲ್ಲಿ ಕಾಣುತ್ತವೆ. ಹಾಗಾಗಿ ದೋಷ ಹುಡುಕುವಾಗ ಮನುಷ್ಯನನ್ನೂ ರಿಗ್ಗನ್ನೂ ಬೇರೆ ಮಾಡಿ ನೋಡಲೇಬೇಕು. ಹಾಗೆ ಮಾಡದೆ ಸ್ಕ್ರೂ ತಿರುಗಿಸಿದರೆ ಮೈಯ ತಪ್ಪನ್ನು ರಿಗ್‌ನಲ್ಲಿ ಸರಿಮಾಡಲು ಹೋಗುತ್ತೀರಿ. ಆಮೇಲೆ ಎರಡು ದೋಷ ಆಗುತ್ತವೆ, ಒಂದರ ಹಿಂದೆ ಇನ್ನೊಂದು ಅಡಗಿ ಕೂರುತ್ತದೆ.

ಭಾಗಗಳ ಹೆಸರು ಒಮ್ಮೆ ಹೇಳಿಬಿಡುತ್ತೇನೆ. ನೀವು ತೊಡುವುದು ವೆಸ್ಟ್. ವೆಸ್ಟ್‌ನ ಸಾಕೆಟ್‌ಗೆ ಸಿಕ್ಕಿಸುವುದು ಸ್ಪ್ರಿಂಗ್ ಆರ್ಮ್. ಆರ್ಮ್ ತುದಿಯಲ್ಲಿ ಎಲ್ಲ ಕಡೆಗೂ ಸಲೀಸಾಗಿ ತಿರುಗುವ ಕೀಲು, ಅದೇ ಗಿಂಬಲ್. ಗಿಂಬಲ್ ಹಿಡಿದಿರುವ ಉದ್ದ ಕೊಳವೆಯೇ ಪೋಸ್ಟ್. ಪೋಸ್ಟ್‌ನ ಮೇಲೆ ಕ್ಯಾಮೆರಾ ಕೂರುವ ಸ್ಟೇಜ್, ಕೆಳಗೆ ಮಾನಿಟರ್ ಮತ್ತು ಬ್ಯಾಟರಿ. ಪೋಸ್ಟ್ ಮತ್ತು ಅದಕ್ಕೆ ಅಂಟಿದ್ದೆಲ್ಲ ಸೇರಿ ಸ್ಲೆಡ್.

1970ರ ದಶಕದ ಮಧ್ಯದಲ್ಲಿ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ ಕಂಡುಹಿಡಿದರು. 1976ರ ಸಿನಿಮಾಗಳಲ್ಲಿ ಅದು ತೆರೆಗೆ ಬಂತು. ಅದರ ಮೂಲ ಉಪಾಯ ಇವತ್ತಿಗೂ ಅದೇ. ಭಾರವನ್ನು ಆರ್ಮ್ ಹೊರುತ್ತದೆ, ಹೆಜ್ಜೆಯ ಏಟು ಕ್ಯಾಮೆರಾ ತನಕ ಹೋಗುವುದಿಲ್ಲ. ತೂಕವನ್ನು ದೂರ ದೂರ ಹರಡಿದ್ದಾರೆ, ಅದಕ್ಕೇ ಸ್ಲೆಡ್ ಥಟ್ಟನೆ ತಿರುಗುವುದಿಲ್ಲ. ಗಿಂಬಲ್ ಸ್ಲೆಡ್‌ನ ತೂಕದ ನಡುಬಿಂದುವಿಗೆ ತೀರಾ ಹತ್ತಿರ ಇದೆ, ಅದಕ್ಕೇ ಎರಡು ಬೆರಳು ಸಾಕು. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದು ಕೈಕೊಟ್ಟಾಗ ಬರುವಂಥವು.

ಮೊದಲ ಪರೀಕ್ಷೆ ಸ್ಟ್ಯಾಂಡ್ ಮೇಲೆ

ಸ್ಟ್ಯಾಂಡ್‌ನ ಕಾಲಿನ ಮೇಲೆ ಮರಳು ಚೀಲ ಇಡಿ. ಗಿಂಬಲ್ಲನ್ನು ಬ್ಯಾಲೆನ್ಸಿಂಗ್ ಪಿನ್‌ಗೆ ಸಿಕ್ಕಿಸಿ. ಫ್ಯಾನ್ ಇದ್ದರೆ ಆರಿಸಿ. ಶಾಟ್‌ನಲ್ಲಿ ಕ್ಯಾಮೆರಾ ಮೇಲೆ ಏನೇನು ಇತ್ತೋ ಎಲ್ಲ ಹಾಗೇ ಇರಲಿ: ಲೆನ್ಸ್, ಮ್ಯಾಟ್ ಬಾಕ್ಸ್, ಫಿಲ್ಟರ್, ಫೋಕಸ್ ಮೋಟಾರ್, ವೈರ್‌ಲೆಸ್ ಟ್ರಾನ್ಸ್‌ಮಿಟರ್. ಒಂದು ಫಿಲ್ಟರ್ ತೆಗೆದರೂ ಬ್ಯಾಲೆನ್ಸ್ ಬದಲಾಗುತ್ತದೆ.

ಈಗ ಕೈ ಬಿಡಿ. ಸ್ಲೆಡ್ ತೂಗಾಡಿ ತಾನಾಗಿ ನಿಲ್ಲಲಿ. ವಾಲಿಯೇ ನಿಂತರೆ ದೋಷ ರಿಗ್‌ನದ್ದು. ನೆಟ್ಟಗೆ ನಿಂತು, ನೀವು ತೊಟ್ಟಾಗ ಮಾತ್ರ ವಾಲಿದರೆ ದೋಷ ನಿಮ್ಮ ಕೈಯಲ್ಲಿ, ನಿಲುವಿನಲ್ಲಿ ಅಥವಾ ವೆಸ್ಟ್‌ನಲ್ಲಿ ಇದೆ. ಎರಡೇ ನಿಮಿಷದ ಕೆಲಸ. ಅರ್ಧ ದಿನ ಉಳಿಸುತ್ತದೆ.

ಫ್ರೇಮ್ ಒಂದೇ ಕಡೆ ವಾಲುತ್ತದೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ. ಎಲ್ಲಕ್ಕಿಂತ ತಪ್ಪಾಗಿ ಓದುವ ದೋಷ ಕೂಡ ಇದೇ.

ಮೊದಲು ಲೆವೆಲ್ಲನ್ನೂ (ಓರೆ ಎಷ್ಟಿದೆ ಅಂತ ತೋರಿಸುವ ಗುರುತು) ಚಿತ್ರವನ್ನೂ ಹೋಲಿಸಿ ನೋಡಿ. ಮಾನಿಟರ್‌ನ ಎಲೆಕ್ಟ್ರಾನಿಕ್ ಲೆವೆಲ್ ಸೊನ್ನೆ ತೋರಿಸುತ್ತಿದೆ, ಆದರೆ ಬಾಗಿಲ ಚೌಕಟ್ಟು ಓರೆ ಕಾಣುತ್ತಿದೆ ಅಂದರೆ ಸ್ಲೆಡ್ ಸರಿಯಿದೆ, ಕ್ಯಾಮೆರಾ ಓರೆಯಾಗಿದೆ. ಕ್ಯಾಮೆರಾ ಅಡಿಯ ಪ್ಲೇಟ್‌ನ ರಬ್ಬರ್ ಒಂದು ಕಡೆ ಅದುಮಿರಬಹುದು, ಇಲ್ಲವೇ ಪ್ಲೇಟ್ ಪೂರ್ತಿ ಕೂತಿರುವುದಿಲ್ಲ. ಬಿಚ್ಚಿ, ಒರೆಸಿ, ಮತ್ತೆ ಬಿಗಿ ಮಾಡಿ. ಇದನ್ನು ಬ್ಯಾಲೆನ್ಸ್ ಸ್ಕ್ರೂ ತಿರುಗಿಸಿ ಸರಿಮಾಡಲು ಹೋದರೆ ಪೋಸ್ಟ್ ಓರೆಯಾಗುತ್ತದೆ. ಆಗ ಪ್ಯಾನ್ ಮಾಡಿದಾಗಲೆಲ್ಲ, ಅಂದರೆ ಕ್ಯಾಮೆರಾವನ್ನು ಎಡ ಬಲಕ್ಕೆ ತಿರುಗಿಸಿದಾಗಲೆಲ್ಲ, ಫ್ರೇಮ್ ಬೇರೆ ಬೇರೆ ಕಡೆ ವಾಲುತ್ತದೆ.

ಲೆವೆಲ್ಲೂ ಚಿತ್ರವೂ ಒಂದಕ್ಕೊಂದು ಹೊಂದಿದರೆ ಸ್ಟ್ಯಾಂಡ್ ಮೇಲೇ ಈ ಪರೀಕ್ಷೆ ಮಾಡಿ. ಕ್ಯಾಮೆರಾ ಗೋಡೆಯ ಕಡೆ ಇದ್ದಾಗ ಯಾವ ಕಡೆ ವಾಲಿದೆ ನೋಡಿಕೊಳ್ಳಿ. ಗಿಂಬಲ್‌ನ ಹಿಡಿಕೆ ಹಾಗೇ ಇರಲಿ. ಸ್ಲೆಡ್ಡನ್ನು ಮಾತ್ರ ಮೆಲ್ಲಗೆ 180 ಡಿಗ್ರಿ ತಿರುಗಿಸಿ ಬಿಡಿ.

ಮೊದಲು ಕ್ಯಾಮೆರಾದ ಎಡಕ್ಕೆ ವಾಲಿತ್ತು, ಈಗಲೂ ಕ್ಯಾಮೆರಾದ ಎಡಕ್ಕೇ ವಾಲಿದೆ. ಹಾಗಾದರೆ ಅದು ಬ್ಯಾಲೆನ್ಸ್ ದೋಷ, ಸುಲಭ. ಸ್ಟೇಜ್‌ನ ಅಡ್ಡ ಸ್ಕ್ರೂ ತಿರುಗಿಸಿ ಕ್ಯಾಮೆರಾವನ್ನು ಬಲಕ್ಕೆ ಕೂದಲೆಳೆಯಷ್ಟು ಸರಿಸಿ. ಸ್ಲೆಡ್ ನಿಲ್ಲುವ ತನಕ ಕಾಯಿರಿ, ಆಮೇಲೆ ಇನ್ನೊಂದು ಸಲ ಸರಿಸಿ. ಅವಸರ ಮಾಡಿದರೆ ತೂಗಾಟವನ್ನೇ ವಾಲುವಿಕೆ ಅಂದುಕೊಳ್ಳುತ್ತೀರಿ.

ಮೊದಲು ಕ್ಯಾಮೆರಾದ ಎಡಕ್ಕೆ ವಾಲಿತ್ತು, ತಿರುಗಿಸಿದ ಮೇಲೆ ಬಲಕ್ಕೆ ವಾಲಿದೆ. ಅಂದರೆ ಕೋಣೆಯ ಲೆಕ್ಕದಲ್ಲಿ ಎರಡು ಸಲವೂ ಒಂದೇ ಗೋಡೆಯ ಕಡೆ ವಾಲಿದೆ. ಆಗ ತೂಕದ ತಪ್ಪಲ್ಲ. ಗಾಳಿ ಬೀಸುತ್ತಿರಬಹುದು, ಯಾವುದೋ ವೈರ್ ಎಳೆಯುತ್ತಿರಬಹುದು. ಎರಡೂ ಇಲ್ಲದಿದ್ದರೆ ಗಿಂಬಲ್‌ನ ನಡು ತಪ್ಪಿದೆ ಅಥವಾ ಅದರ ಬೇರಿಂಗ್ ಒಂದು ಕಡೆ ಬಿಗಿಯಾಗಿದೆ. ಗಿಂಬಲ್ ಬಿಚ್ಚಬೇಡಿ. ಅದರ ಬೇರಿಂಗ್ ತುಂಬಾ ನಾಜೂಕು. ಅದನ್ನು ಕೂರಿಸುವುದು ಅದೇ ಕೆಲಸ ಮಾಡುವವರಿಗೆ ಬಿಟ್ಟದ್ದು.

ಒಂದು ಸಲ ನನ್ನ ಫ್ರೇಮ್ ಎರಡು ದಿನ ಬಲಕ್ಕೆ ವಾಲುತ್ತಲೇ ಇತ್ತು. ಸ್ಟ್ಯಾಂಡ್ ಮೇಲೆ ನೆಟ್ಟಗೆ, ಮೈಮೇಲೆ ಓರೆ. ನನ್ನ ಬೆನ್ನೇ ಸರಿಯಿಲ್ಲ ಅಂದುಕೊಂಡು ನಿಲುವು ಬದಲಿಸಿದೆ. ಆಮೇಲೆ ಬೆರಳು ಹಿಡಿಯುವ ರೀತಿ ಬದಲಿಸಿದೆ. ಕೊನೆಗೆ ಫೋಕಸ್ ನೋಡಿಕೊಳ್ಳುವ ಫೋಕಸ್ ಪುಲ್ಲರ್ ಪಕ್ಕದಲ್ಲಿ ನಿಂತು ನೋಡಿ ಹೇಳಿದರು: ಬ್ಯಾಟರಿ ಹತ್ತಿರದ ವೈರ್‌ನ ಒಂದು ಸುರುಳಿ ನಾನು ಪ್ಯಾನ್ ಮಾಡಿದಾಗಲೆಲ್ಲ ನನ್ನ ತೊಡೆಗೆ ತಾಗುತ್ತಿತ್ತು. ಒಂದು ತುಂಡು ಟೇಪ್‌ನಲ್ಲಿ ಸರಿಹೋಯಿತು. ಅಂದಿನಿಂದ ಶಾಟ್ ಮೊದಲು ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿ ಒಂದು ಸುತ್ತು ತಿರುಗುತ್ತೇನೆ. ಸ್ಲೆಡ್‌ನಿಂದ ನಿಮ್ಮ ಮೈಗೆ ಅಥವಾ ಹೊರಗಿನ ಇನ್ಯಾವುದಕ್ಕೋ ಹೋಗುವ ಪ್ರತಿಯೊಂದು ವೈರ್ ಕೂಡ ಗಿಂಬಲ್‌ನ ಕೆಲಸ ಕೆಡಿಸುತ್ತದೆ. ಆಡಿಯೋ ವೈರ್ ಬೇಕೇ ಬೇಕು ಅಂದರೆ ತೀರಾ ತೆಳುವಾದದ್ದು ಹಾಕಿ. ಗಿಂಬಲ್ ಹತ್ತಿರ ಸಡಿಲ ಸುರುಳಿ ಬಿಟ್ಟು ದಾಟಿಸಿ.

ಸ್ಟ್ಯಾಂಡ್ ಮೇಲೆ ಎಲ್ಲ ಸರಿ, ವೈರೂ ತಾಗುತ್ತಿಲ್ಲ, ಆದರೂ ವಾಲುತ್ತದೆ ಅಂದರೆ ಕೈ ನೋಡಿ. ಪೋಸ್ಟ್ ಮೇಲಿನ ಕೈ ಹಿಡಿಯುವ ಕೈಯಲ್ಲ, ತಾಗುವ ಕೈ. ಹೆಬ್ಬೆರಳು ಮತ್ತು ಒಂದೆರಡು ಬೆರಳು ಸಾಕು. ಸುಸ್ತಾದಾಗ, ಹೆದರಿದಾಗ ನಮಗೆ ಗೊತ್ತಿಲ್ಲದೆ ಮುಷ್ಟಿ ಬಿಗಿಯಾಗುತ್ತದೆ. ಹತ್ತನೇ ಟೇಕ್‌ನಲ್ಲಿ ಮಾತ್ರ ವಾಲುತ್ತದೆ ಅಂದರೆ ಕಾರಣ ಇದೇ ಇರಬಹುದು. ಸ್ಟ್ಯಾಂಡ್‌ಗೆ ಇಟ್ಟು ಐದು ನಿಮಿಷ ಕೂರಿ.

ಹೊರಡುವಾಗ, ನಿಲ್ಲುವಾಗ ಫ್ರೇಮ್ ಜೋಲಿ ಹೊಡೆಯುತ್ತದೆ

ನಡೆಯಲು ಶುರು ಮಾಡಿದಾಗ ಲೆನ್ಸ್ ಕೆಳಗೆ ನೋಡುತ್ತದೆ. ನಿಂತಾಗ ಮೇಲೆ ನೋಡುತ್ತದೆ. ತಿರುವಿನಲ್ಲಿ ಕ್ಯಾಮೆರಾ ಒಳಗಡೆಗೆ ಬಾಗುತ್ತದೆ, ಸೈಕಲ್ ತಿರುಗಿದ ಹಾಗೆ. ಈ ಮೂರೂ ಒಟ್ಟಿಗೆ ಕಂಡರೆ ಅನುಮಾನ ಬೇಡ: ಸ್ಲೆಡ್‌ನ ಕೆಳಭಾಗ ಜಾಸ್ತಿ ಭಾರ ಇದೆ. ಗಡಿಯಾರದ ಲೋಲಕದ ಹಾಗೆ ಅದು ಹಿಂದೆ ಉಳಿಯುತ್ತದೆ, ಆಮೇಲೆ ಮುಂದೆ ಹೋಗುತ್ತದೆ.

ಅಳೆಯುವುದು ಹೀಗೆ. ಸ್ಟ್ಯಾಂಡ್ ಮೇಲೆ ಪೋಸ್ಟ್ ಪೂರ್ತಿ ಅಡ್ಡ ಆಗುವ ತನಕ ಎತ್ತಿ ಹಿಡಿಯಿರಿ. ಬಿಡಿ. ನೆಟ್ಟಗಿನ ಜಾಗ ದಾಟುವ ತನಕ ಎಷ್ಟು ಸೆಕೆಂಡ್ ಅಂತ ಎಣಿಸಿ. ಇದಕ್ಕೆ ಡ್ರಾಪ್ ಟೈಮ್ ಅನ್ನುತ್ತಾರೆ. 2ರಿಂದ 3 ಸೆಕೆಂಡ್ ಇದ್ದರೆ ಹೆಚ್ಚಿನ ಕೆಲಸಕ್ಕೆ ಸರಿ. ಒಂದು ಸೆಕೆಂಡ್‌ನಲ್ಲಿ ಬಿದ್ದರೆ ಕೆಳಭಾರ ಜಾಸ್ತಿ. ಗಿಂಬಲ್ಲನ್ನು ಪೋಸ್ಟ್ ಮೇಲೆ ಸ್ವಲ್ಪ ಕೆಳಗೆ, ಅಂದರೆ ತೂಕದ ನಡುಬಿಂದುವಿನ ಹತ್ತಿರಕ್ಕೆ ಸರಿಸಿ. ಒಂದೆರಡು ಮಿಲಿಮೀಟರ್ ಸರಿಸಿದರೂ ಫಲ ಕಾಣುತ್ತದೆ. ಗಿಂಬಲ್ ಕ್ಲ್ಯಾಂಪ್ ಸಡಿಲಿಸುವಾಗ ಇನ್ನೊಂದು ಕೈಯಲ್ಲಿ ಪೋಸ್ಟ್ ಭದ್ರವಾಗಿ ಹಿಡಿದಿರಿ. ಇಲ್ಲದಿದ್ದರೆ ಸ್ಲೆಡ್ ಜಾರಿ ನೆಲಕ್ಕೆ ಬೀಳುತ್ತದೆ.

ತದ್ವಿರುದ್ಧ ದೋಷವೂ ಇದೆ. ಡ್ರಾಪ್ ಟೈಮ್ ತುಂಬಾ ಉದ್ದ ಆದರೆ ಸ್ಲೆಡ್‌ಗೆ ನೆಟ್ಟಗಿನ ನೆನಪೇ ಇರುವುದಿಲ್ಲ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಜೋಲಿ ಇರುವುದಿಲ್ಲ, ನಿಜ. ಆದರೆ ಲೆವೆಲ್ ಕಾಯುವ ಕೆಲಸ ಪೂರ್ತಿ ನಿಮ್ಮ ಬೆರಳಿಗೆ ಬೀಳುತ್ತದೆ. ಓಡುವ ಶಾಟ್‌ಗೆ ನಾನು ಉದ್ದ ಡ್ರಾಪ್ ಟೈಮ್ ಇಡುತ್ತೇನೆ, ಯಾಕೆಂದರೆ ವೇಗ ಬದಲಾಗುತ್ತಲೇ ಇರುತ್ತದೆ. ನಿಧಾನವಾಗಿ ಹೋಗಿ ಬಹಳ ಹೊತ್ತು ನಿಲ್ಲುವ ಶಾಟ್‌ಗೆ ಸ್ವಲ್ಪ ಕಡಿಮೆ. ಹೊಸಬರು 2.5 ಸೆಕೆಂಡ್‌ನಿಂದ ಶುರು ಮಾಡಲಿ.

ನಿಧಾನಕ್ಕೆ ಸರಿ, ಜೋರಾಗಿ ಪ್ಯಾನ್ ಮಾಡಿದರೆ ಓರೆ

ಸ್ಟ್ಯಾಂಡ್ ಮೇಲೆ ನೆಟ್ಟಗಿದೆ, ಡ್ರಾಪ್ ಟೈಮ್ ಸರಿಯಿದೆ. ಆದರೆ ವೇಗವಾಗಿ ಪ್ಯಾನ್ ಮಾಡಿದ ಕೂಡಲೇ ಸ್ಲೆಡ್ ಬಟ್ಟಲಿನ ಹಾಗೆ ಹೊಯ್ದಾಡುತ್ತದೆ. ಇದು ಡೈನಾಮಿಕ್ ಬ್ಯಾಲೆನ್ಸ್ ದೋಷ. ನಿಂತಾಗ ತೂಕಗಳು ಸರಿದೂಗಿದರೆ ಸಾಕು. ತಿರುಗುವಾಗ ಪ್ರತಿಯೊಂದು ತೂಕವೂ ಹೊರಕ್ಕೆ ಎಳೆಯುತ್ತದೆ. ಆ ಎಳೆತಗಳೂ ಸರಿದೂಗಬೇಕು.

ಎಲ್ಲಿಂದ ಶುರು ಮಾಡಬೇಕು? ಮಾನಿಟರ್ ಮುಂದೆ, ಬ್ಯಾಟರಿ ಹಿಂದೆ, ಮಾನಿಟರ್‌ಗಿಂತ ಬ್ಯಾಟರಿ ಕೆಳಗೆ ಇರುವ ಮಾಮೂಲಿ ಜೋಡಣೆಯಲ್ಲಿ ಕ್ಯಾಮೆರಾದ ತೂಕದ ನಡುಬಿಂದು ಪೋಸ್ಟ್‌ಗಿಂತ ಸ್ವಲ್ಪ ಹಿಂದೆ ಇರಬೇಕು. ಕ್ಯಾಮೆರಾವನ್ನು ಒಂದು ದುಂಡು ಪೆನ್ಸಿಲ್ ಮೇಲೆ ಇಟ್ಟು ಆ ಬಿಂದು ಹುಡುಕಿ ಟೇಪ್ ಅಂಟಿಸಿ. ಟೇಪ್ ಗುರುತು ಪೋಸ್ಟ್‌ನ ನಡುವಿಗಿಂತ ಒಂದೆರಡು ಸೆಂಟಿಮೀಟರ್ ಹಿಂದೆ ಬರುವ ಹಾಗೆ ಕೂರಿಸಿ. ಬ್ಯಾಟರಿ ಸರಿಸಿ ನೆಟ್ಟಗೆ ನಿಲ್ಲಿಸಿ. ಈಗ ಪೋಸ್ಟ್ಟನ್ನು ಎರಡು ಬೆರಳಲ್ಲಿ, ಪಕ್ಕಕ್ಕೆ ನೂಕದೆ, ಮೆಲ್ಲಗೆ ತಿರುಗಿಸಿ ಬಿಡಿ. ಹೊಯ್ದಾಡಿದರೆ ಬ್ಯಾಟರಿಯನ್ನು ಅರ್ಧ ಸೆಂಟಿಮೀಟರ್ ಹೊರಗೋ ಒಳಗೋ ಸರಿಸಿ. ಕ್ಯಾಮೆರಾ ಸರಿಸಿ ಮತ್ತೆ ನೆಟ್ಟಗೆ ಮಾಡಿ. ಮತ್ತೆ ತಿರುಗಿಸಿ. ಮೊದಲಿಗಿಂತ ಕೆಟ್ಟರೆ ಎದುರು ದಿಕ್ಕಿಗೆ ಹೋಗಿ. ಪ್ರತಿ ಸಲವೂ ಒಂದನ್ನೇ ಬದಲಿಸಿ, ಬರೆದಿಡಿ.

ಬಲಗಡೆ ಒಂದು ಟ್ರಾನ್ಸ್‌ಮಿಟರ್ ನೇತುಹಾಕಿದ್ದರೆ ಮುಂದೆ ಹಿಂದೆ ಎಷ್ಟು ಸರಿಸಿದರೂ ಪ್ರಯೋಜನವಿಲ್ಲ. ಅದನ್ನು ಪೋಸ್ಟ್‌ನ ಗೆರೆಗೆ ತನ್ನಿ.

ಪ್ರತಿ ಹೆಜ್ಜೆಗೂ ಫ್ರೇಮ್ ಮೇಲೆ ಕೆಳಗೆ

ಹೆಜ್ಜೆಯ ತಾಳಕ್ಕೇ ಕುಲುಕಾಟ ಬರುತ್ತಿದ್ದರೆ ಆರ್ಮ್ ಮತ್ತು ಮೈ ನೋಡಬೇಕು. ಸ್ಲೆಡ್ ಹೊತ್ತು ಸುಮ್ನೆ ನಿಂತು ಕೈ ಬಿಡಿ. ಆರ್ಮ್‌ನ ಎರಡು ತುಂಡೂ ಹೆಚ್ಚುಕಮ್ಮಿ ಅಡ್ಡ, ಸಮನಾಗಿ ನಿಲ್ಲಬೇಕು. ತುಸು ಮೇಲಿದ್ದರೂ ಪರವಾಗಿಲ್ಲ. ಆರ್ಮ್ ಕೆಳಕ್ಕೆ ಜೋತಿದ್ದರೆ ನೀವು ಇಡೀ ಶಾಟ್‌ನಲ್ಲಿ ಕೈಯಿಂದ ಎತ್ತಿ ಹಿಡಿದಿರುತ್ತೀರಿ. ಆಗ ಹೆಜ್ಜೆಯ ಏಟು ಕೈ ಮೂಲಕವೇ ಕ್ಯಾಮೆರಾಗೆ ಹೋಗುತ್ತದೆ. ಸ್ಪ್ರಿಂಗ್ ಬಿಗಿ ಮಾಡಿ. ಒಂದು ತುಂಡು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಅವನ್ನು ಬೇರೆ ಬೇರೆಯಾಗಿ ಹೊಂದಿಸಿ. ಮೈ ಹತ್ತಿರದ ತುಂಡು ಮುಂದಿನ ತುಂಡಿನ ಭಾರವನ್ನೂ ಹೊರುತ್ತದೆ, ಅದಕ್ಕೆ ತುಸು ಹೆಚ್ಚು ಬಲ ಬೇಕು. ಕೆಲವು ಆರ್ಮ್‌ಗಳಲ್ಲಿ ಭಾರ ಇಳಿಸಿಯೇ ಸ್ಕ್ರೂ ತಿರುಗಿಸಬೇಕು, ತಯಾರಕರ ಕೈಪಿಡಿ ನೋಡಿ.

ಆರ್ಮ್ ಸರಿಯಿದ್ದರೆ ನಡಿಗೆ. ಮಂಡಿ ಸ್ವಲ್ಪ ಮೆದುವಾಗಿರಲಿ. ಹಿಮ್ಮಡಿ ನೆಲಕ್ಕೆ ಕುಟ್ಟಬಾರದು. ಮಂಡಿ ಜಾಸ್ತಿ ಬಗ್ಗಿಸಿ ನಡೆದರೂ ಕೆಡುತ್ತದೆ, ತೊಡೆ ನಡುಗುತ್ತದೆ. ಕುಲುಕಾಟ ಬರುವುದು ಕೆಲವೇ ಜಾಗದಲ್ಲಿ, ಒಂದು ಸಲ ಟಕ್ ಅಂತ ಮಾತ್ರ ಅಂದರೆ ಆರ್ಮ್ ತನ್ನ ಮೇಲಿನ ಅಥವಾ ಕೆಳಗಿನ ಮಿತಿಗೆ ತಾಗಿದೆ. ಮೆಟ್ಟಿಲ ಶಾಟ್‌ಗಳಲ್ಲಿ ಹೀಗಾಗುತ್ತದೆ. ಎತ್ತರ ಬದಲಿಸಬೇಕಾದರೆ ಆರ್ಮ್ ತುದಿಯಲ್ಲಿ ಗಿಂಬಲ್ ಕೂರುವ ಕಡ್ಡಿ (ಆರ್ಮ್ ಪೋಸ್ಟ್, ಸ್ಲೆಡ್‌ನ ಪೋಸ್ಟ್ ಅಲ್ಲ) ಉದ್ದದ್ದು ಹಾಕಿ, ಆರ್ಮ್ ನಡುವಿನಲ್ಲೇ ಕೆಲಸ ಮಾಡಲಿ.

ಸಣ್ಣ ನಡುಕ

ಹೆಜ್ಜೆಗೆ ಸಂಬಂಧವಿಲ್ಲದ ಝುಂ ಅನ್ನುವ ನಡುಕ ಬಂದರೆ ಏನೋ ಸಡಿಲ ಆಗಿದೆ. ಇರುವುದರಲ್ಲಿ ಉದ್ದದ ಲೆನ್ಸ್ ಹಾಕಿ, ಸ್ಟ್ಯಾಂಡ್ ಮೇಲೆ ಇಟ್ಟು ಬೆರಳ ತುದಿಯಿಂದ ಒಂದೊಂದೇ ಭಾಗ ತಟ್ಟಿ: ಸ್ಟೇಜ್, ಪೋಸ್ಟ್, ಮಾನಿಟರ್ ಬ್ರಾಕೆಟ್, ಬ್ಯಾಟರಿ ಪ್ಲೇಟ್, ಲೆನ್ಸ್‌ನ ಮುಂಭಾಗ. ಎಲ್ಲಿ ತಟ್ಟಿದಾಗ ಚಿತ್ರ ಬಹಳ ಹೊತ್ತು ನಡುಗುತ್ತದೋ ಅಲ್ಲಿಂದ ಹುಡುಕಲು ಶುರು ಮಾಡಿ. ಕ್ಯಾಮೆರಾ ಪ್ಲೇಟನ್ನು ಸ್ಟೇಜ್‌ಗೆ ಹಿಡಿದಿಡುವ ಡವ್‌ಟೇಲ್ ಲಾಕ್ ಮತ್ತು ಉದ್ದ ಮಾಡಿದ ಪೋಸ್ಟ್‌ನ ಕ್ಲ್ಯಾಂಪ್ ಮೊದಲು ನೋಡಿ. ಭಾರದ ಲೆನ್ಸ್‌ಗೆ ಅಡಿಯಿಂದ ಆಸರೆ ಕೊಡಿ.

ಎಲ್ಲ ಬಿಗಿಯಿದ್ದೂ ಪ್ಯಾನ್‌ನ ಶುರುವಿನಲ್ಲಿ ಚಿತ್ರ ತಡೆದು ಆಮೇಲೆ ಜಿಗಿದ ಹಾಗೆ ಕಂಡರೆ ಕ್ಯಾಮೆರಾ ಅಥವಾ ಲೆನ್ಸ್ ಒಳಗಿನ ಸ್ಟೆಬಿಲೈಸೇಶನ್ ಆನ್ ಇದೆಯಾ ನೋಡಿ. ನೀವು ಬೇಕೆಂದೇ ಮಾಡಿದ ಪ್ಯಾನ್ ಅದಕ್ಕೆ ನಡುಕದ ಹಾಗೆ ಕಾಣುತ್ತದೆ, ತಡೆಯಲು ನೋಡುತ್ತದೆ. ಅಗಲದ ಲೆನ್ಸ್‌ನಲ್ಲಿ ಚಿತ್ರದ ಮೂಲೆಗಳು ನೀರಿನ ಹಾಗೆ ಅಲುಗುತ್ತವೆ. ಆಫ್ ಮಾಡಿ ಒಂದು ಟೆಸ್ಟ್ ಶಾಟ್ ತೆಗೆದು ಹೋಲಿಸಿ.

ಕರೆಂಟಿನ ದೋಷ ಬೇಗ ಹೇಳಿ ಮುಗಿಸುತ್ತೇನೆ. ಪ್ಯಾನ್ ಮಾಡಿದಾಗ ಮಾನಿಟರ್ ಮಿನುಗಿದರೆ ಕನೆಕ್ಟರ್ ಸಡಿಲ. ಒಂದೊಂದೇ ಕನೆಕ್ಟರ್ ಅಲುಗಿಸಿ ನೋಡಿ. ರೆಕಾರ್ಡ್ ಒತ್ತಿದ ಕೂಡಲೇ ಕ್ಯಾಮೆರಾ ಆಫ್ ಆದರೆ ಬ್ಯಾಟರಿ ಬೇಡಿಕೆಗೆ ಸಾಲುತ್ತಿಲ್ಲ, ಇಲ್ಲವೇ ತೆಳು ವೈರ್‌ನಲ್ಲಿ ವೋಲ್ಟೇಜ್ ಇಳಿಯುತ್ತಿದೆ. ಬ್ಯಾಟರಿ ಪ್ಲೇಟ್‌ನ ಪಿನ್ ಒರೆಸಿ, ಗಿಡ್ಡ ದಪ್ಪ ವೈರ್ ಹಾಕಿ ನೋಡಿ.

ಮೈ ನೋವೂ ದೋಷದ ಗುರುತೇ

ನೋವು ತಡೆದುಕೊಳ್ಳುವುದೇ ಆಪರೇಟರ್‌ನ ಗುಣ ಅನ್ನುವ ಮಾತು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ನೋವು ಎಲ್ಲಿದೆ ಅನ್ನುವುದು ತಪ್ಪು ಎಲ್ಲಿದೆ ಅಂತ ತೋರಿಸುತ್ತದೆ.

ಭುಜ ನೋಯುತ್ತಿದ್ದರೆ ಸೊಂಟದ ಪಟ್ಟಿ ಸಡಿಲ ಇದೆ ಅಥವಾ ವೆಸ್ಟ್ ಉದ್ದ ನಿಮಗೆ ಹೊಂದಿಲ್ಲ. ಭಾರದ ದೊಡ್ಡ ಪಾಲು ಸೊಂಟಕ್ಕೆ ಇಳಿಯಬೇಕು. ಸೊಂಟದ ಮೇಲೆ ಒಂದೇ ಪಕ್ಕ ನೋಯುತ್ತಿದ್ದರೆ, ರಿಗ್ ನಿಮ್ಮಿಂದ ಓಡಿಹೋಗದ ಹಾಗೆ ನೀವು ಬೆನ್ನು ತಿರುಚಿ ನಿಲ್ಲುತ್ತಿದ್ದೀರಿ. ಸಾಕೆಟ್‌ನಲ್ಲಿ ಆರ್ಮ್‌ನ ಓಲುವಿಕೆ ಬದಲಿಸುವ ಎರಡು ಸ್ಕ್ರೂ ಇರುತ್ತವೆ. ಒಂದು ಮುಂದೆ ಹಿಂದೆ, ಇನ್ನೊಂದು ಎಡ ಬಲ. ಮೊದಲು ನೀವು ನೆಟ್ಟಗೆ, ಆರಾಮಾಗಿ ನಿಲ್ಲಿ. ಆಮೇಲೆ ಕೈ ಬಿಡಿ. ಸ್ಲೆಡ್ ಮುಂದಕ್ಕೆ ಓಡಿದರೆ ಮೈ ಕಡೆಗೆ ಓಲುವ ಹಾಗೆ ತಿರುಗಿಸಿ, ಹೊರಗಡೆಗೆ ಓಡಿದರೆ ಒಳಗಡೆಗೆ. ಕೈ ಬಿಟ್ಟರೂ ಕೆಲವು ಸೆಕೆಂಡ್ ಇದ್ದ ಜಾಗದಲ್ಲೇ ನಿಲ್ಲಬೇಕು. ನಿಮ್ಮ ನಿಲುವಿಗೆ ಸ್ಕ್ರೂ ಹೊಂದಬೇಕೇ ಹೊರತು ಸ್ಕ್ರೂಗೆ ನೀವು ಹೊಂದಬಾರದು. ಈ ದೋಷ ಫ್ರೇಮ್‌ನಲ್ಲೂ ಕಾಣುತ್ತದೆ, ಓಡುವ ರಿಗ್ಗನ್ನು ಎಳೆದುಕೊಳ್ಳುವ ಕೈ ಪೋಸ್ಟ್ಟನ್ನೂ ಎಳೆಯುತ್ತದೆ. ಕಾಲು ಜೋಮು ಹಿಡಿದರೆ, ಮರಗಟ್ಟಿದರೆ ಆ ದಿನಕ್ಕೆ ರಿಗ್ ಇಳಿಸಿಬಿಡಿ.

ಯಾವ ಸ್ಕ್ರೂಗೂ ಬಗ್ಗದ ದೋಷ

ಎಲ್ಲ ಸರಿಮಾಡಿದರೂ ಕೆಲವು ರಿಗ್ ದಾರಿಗೆ ಬರುವುದಿಲ್ಲ. ಯಾಕೆಂದರೆ ಭಾಗಗಳೇ ಒಂದಕ್ಕೊಂದು ಹೊಂದಿರುವುದಿಲ್ಲ. ಆರ್ಮ್ ಇಷ್ಟರಿಂದ ಇಷ್ಟು ಕಿಲೋ ಹೊರುತ್ತದೆ ಅಂತ ಬರೆದಿರುತ್ತಾರೆ. ಅದು ಕ್ಯಾಮೆರಾದ ತೂಕವೋ ಒಟ್ಟು ತೂಕವೋ ಕೇಳಿ ತಿಳಿಯಿರಿ. ಆರ್ಮ್ ಹೊರುವುದು ಇಡೀ ಸ್ಲೆಡ್ಡನ್ನು: ಕ್ಯಾಮೆರಾ, ಲೆನ್ಸ್, ಮಾನಿಟರ್, ಬ್ಯಾಟರಿ, ಪೋಸ್ಟ್, ಗಿಂಬಲ್ ಎಲ್ಲ. ಕ್ಯಾಮೆರಾ ತೂಕ ಮಾತ್ರ ನೋಡಿ ಆರ್ಮ್ ಆರಿಸಿದರೆ ಅದು ಜೋತುಬೀಳುತ್ತದೆ. ಎಲ್ಲವನ್ನೂ ತಕ್ಕಡಿಯಲ್ಲಿ ಇಟ್ಟು ಕೂಡಿಸಿ. ಆ ಮೊತ್ತ ಆರ್ಮ್‌ನ ಮಿತಿಯ ನಡುಭಾಗದಲ್ಲಿ ಬರಲಿ.

ಕಡಿಮೆ ತೂಕವೂ ದೋಷವೇ. ದೊಡ್ಡ ಆರ್ಮ್‌ಗೆ ಪುಟ್ಟ ಮಿರರ್‌ಲೆಸ್ ಕ್ಯಾಮೆರಾ ಹಾಕಿದರೆ ಸ್ಪ್ರಿಂಗ್ ಎಷ್ಟು ಸಡಿಲಿಸಿದರೂ ಆರ್ಮ್ ಮೇಲಕ್ಕೇ ಹಾರುತ್ತದೆ. ಜೊತೆಗೆ ಹಗುರ ಸ್ಲೆಡ್ ಬೆರಳು ತಾಗಿದರೂ ತಿರುಗುತ್ತದೆ, ಗಾಳಿಗೂ ಅಲುಗುತ್ತದೆ. ಹಗುರ ಕ್ಯಾಮೆರಾ ಇದ್ದರೆ ಅದರ ಕೆಳಗೆ ತೂಕದ ಪ್ಲೇಟ್ ಹಾಕಿ, ಸ್ಲೆಡ್‌ನ ಕೆಳಗೂ ಅದಕ್ಕೆ ತಕ್ಕ ತೂಕ ಸೇರಿಸಿ. ತೂಕ ಹೆಚ್ಚಿಸಲು ಮನಸ್ಸಿಲ್ಲದಿದ್ದರೆ ಇದ್ದ ತೂಕವನ್ನೇ ದೂರಕ್ಕೆ ಹರಡಿ. ದೂರ ಎರಡು ಪಟ್ಟಾದರೆ ತಿರುಗಲು ಅದು ಒಡ್ಡುವ ತಡೆ ನಾಲ್ಕು ಪಟ್ಟಾಗುತ್ತದೆ. ಮಾನಿಟರ್, ಬ್ಯಾಟರಿ ಹೊರಕ್ಕೆ ಎಳೆದರೆ ಪ್ಯಾನ್ ಶಾಂತವಾಗುತ್ತದೆ, ಪೋಸ್ಟ್ ಉದ್ದ ಮಾಡಿದರೆ ಟಿಲ್ಟ್ (ಮೇಲೆ ಕೆಳಗೆ ಬಾಗುವುದು) ಶಾಂತವಾಗುತ್ತದೆ. ಏನು ಸರಿಸಿದರೂ ಬ್ಯಾಲೆನ್ಸ್ ಮೊದಲಿಂದ ಮಾಡಬೇಕು.

ಲೆನ್ಸ್ ಆರಿಸುವಾಗ ಫೋಕಸ್ ಅಥವಾ ಝೂಮ್ ತಿರುಗಿಸಿದರೆ ಕೊಳವೆ ಉದ್ದವಾಗುತ್ತದೆಯಾ ನೋಡಿ. ಉದ್ದವಾಗುವ ಲೆನ್ಸ್ ಶಾಟ್ ನಡುವೆಯೇ ಬ್ಯಾಲೆನ್ಸ್ ಕೆಡಿಸುತ್ತದೆ. ಫೋಕಸ್ ಹತ್ತಿರ ಬಂದಾಗ ಮಾತ್ರ ಕ್ಯಾಮೆರಾ ಮೂಗು ಬಗ್ಗಿಸುತ್ತದೆ ಅಂದರೆ ಕಾರಣ ಅದೇ.

ಹಣ ಎಲ್ಲಿ ಹಾಕಬೇಕು ಅಂತ ಕೇಳಿದರೆ ನನ್ನ ಉತ್ತರ ಗಿಂಬಲ್, ಆಮೇಲೆ ಆರ್ಮ್ ಮತ್ತು ವೆಸ್ಟ್. ಸ್ಲೆಡ್‌ನ ಉಳಿದ ಭಾಗ ಮುಂದೆ ಬದಲಿಸಬಹುದು. ಮಾನಿಟರ್ ಮಾತ್ರ ಬಿಸಿಲಲ್ಲಿ ಕಾಣುವಷ್ಟು ಪ್ರಕಾಶ ಇರಲೇಬೇಕು. ಫ್ರೇಮ್ ಕಾಣದಿದ್ದರೆ ಕುತ್ತಿಗೆ ಬಗ್ಗುತ್ತದೆ, ಅದರ ಹಿಂದೆ ಬೆನ್ನು ಬಗ್ಗುತ್ತದೆ.

ಬಳಸಿದ ರಿಗ್ ಕೊಳ್ಳುವುದಾದರೆ ನಿಮ್ಮ ಕ್ಯಾಮೆರಾ ತೆಗೆದುಕೊಂಡೇ ಹೋಗಿ. ಪೂರ್ತಿ ಭಾರ ಹಾಕಿ. ವೆಸ್ಟ್ ತೊಟ್ಟು ಹದಿನೈದು ನಿಮಿಷ ನಿಲ್ಲಿ. ಆರ್ಮ್ ಮೇಲಿಂದ ಕೆಳಗೆ ತನಕ ನಿಧಾನವಾಗಿ ಒಯ್ಯಿರಿ. ಎಲ್ಲಾದರೂ ಕಿರ್ ಅಂದರೆ, ತಡೆದರೆ ಕೇಳಿ. ಆಮೇಲೆ ಗಿಂಬಲ್. ಸ್ಟ್ಯಾಂಡ್ ಮೇಲೆ ಡ್ರಾಪ್ ಟೈಮ್ ಆದಷ್ಟು ಉದ್ದ ಮಾಡಿ, ಯಾಕೆಂದರೆ ಕೆಳಭಾರ ಇದ್ದರೆ ಗಿಂಬಲ್‌ನ ತಪ್ಪು ಮುಚ್ಚಿಹೋಗುತ್ತದೆ. ಈಗ ಸ್ಲೆಡ್ಡನ್ನು ತೀರಾ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಕಾಲು ಸುತ್ತಿಗೊಮ್ಮೆ ಬಿಟ್ಟು ನೋಡಿ. ಪ್ರತಿ ಸಲವೂ ಕೋಣೆಯ ಒಂದೇ ಗೋಡೆಯ ಕಡೆ ಓಲಿದರೆ, ಅಥವಾ ಒಂದೇ ಜಾಗದಲ್ಲಿ ಬೇರಿಂಗ್ ಗರಗರ ಅಂತ ಬೆರಳಿಗೆ ತಾಗಿದರೆ, ರಿಪೇರಿ ಆಗುವ ತನಕ ಆ ರಿಗ್ ಕೊಳ್ಳಬೇಡಿ.